ಆಷಾಢದ ಬೋರ್ಡ್ ಈ ಸಲ ಹಾಕಬೇಕಾ, ಬೇಡವಾ? ಜವಳಿ ವ್ಯಾಪಾರದವರು ಹೇಳಿ

ಜವಳಿ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಸೀರೆ ಅಂಗಡಿ. ಅಪ್ಪ ಶುರು ಮಾಡಿದ್ದು, ಈಗ ಗಲ್ಲಾ ಮೇಲೆ ನಾನು ಕೂರುತ್ತೇನೆ. ಆಷಾಢ ಬಂತೆಂದರೆ ಶೇ. 20 ರಿಯಾಯಿತಿ ಅಂತ ಬೋರ್ಡ್ ಹಾಕುವುದು ವಾಡಿಕೆ. ಆ ತಿಂಗಳು ಮದುವೆ ಇರಲ್ಲ, ಗೃಹಪ್ರವೇಶ ಇರಲ್ಲ, ಸುಮ್ನೆ ಕೂರುವ ಬದಲು ಮಾಲು ಓಡಲಿ ಅಂತ ಅಪ್ಪ ಶುರು ಮಾಡಿದ್ದು.

ಈಗಿನ ತಾಪತ್ರಯ ಏನೆಂದರೆ, ಆಷಾಢದಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶ್ರಾವಣ ಬರುತ್ತಿದ್ದ ಹಾಗೆ ವ್ಯಾಪಾರ ದೊಪ್ಪನೆ ಬೀಳುತ್ತದೆ. ವರಮಹಾಲಕ್ಷ್ಮಿ ಹಬ್ಬದ ವಾರ ಮೊದಲೆಲ್ಲ ಊಟಕ್ಕೆ ಹೋಗಲು ಪುರುಸೊತ್ತು ಇರುತ್ತಿರಲಿಲ್ಲ. ಈಗ ಹುಡುಗರು ಸೀರೆ ಮಡಚುತ್ತಾ ಕೂತಿರುತ್ತಾರೆ. ಜ್ಯೇಷ್ಠದಲ್ಲೇ ಬಂದವರು ಸೀರೆ ಬಿಡಿಸಿ ನೋಡಿ, ಫೋಟೋ ಹೊಡೆದುಕೊಂಡು, "ಆಫರ್ ಯಾವಾಗಿಂದ ಅಣ್ಣಾ?" ಎಂದು ಕೇಳಿ ಎದ್ದು ಹೋಗುತ್ತಾರೆ.

ತಮ್ಮ ಹೇಳುತ್ತಾನೆ, ಎದುರಿನವರು 30 ಹಾಕುತ್ತಾರೆ, ನಾವೂ 30 ಹಾಕೋಣ ಅಂತ. ಅಪ್ಪ ಹೇಳುತ್ತಾರೆ, ಪೂರ್ತಿ ನಿಲ್ಲಿಸು ಅಂತ. ಪಾಂಪ್ಲೆಟ್ ಪ್ರಿಂಟಿಗೆ ಈ ವಾರವೇ ಕೊಡಬೇಕು. ಲೆಕ್ಕಕ್ಕೆ ಬೇಕಿದ್ದರೆ: ನಮ್ಮಲ್ಲಿ ಜಾಸ್ತಿ ಓಡುವ ಸೀರೆಯ ಅಸಲು 1,400, ಮಾರುವುದು 2,000.

ಲೆಕ್ಕದ_ಪುಸ್ತಕ

ಅಣ್ಣಾವ್ರೇ, ಮೊದಲು ಗಣಿತ ಮುಗಿಸಿಬಿಡೋಣ. 2,000ಕ್ಕೆ ಮಾರಿದರೆ ಒಂದು ಸೀರೆಗೆ 600 ಉಳಿಯುತ್ತದೆ. 20 ಬಿಟ್ಟರೆ 1,600ಕ್ಕೆ ಹೋಗುತ್ತದೆ, ಉಳಿಯುವುದು 200. ಗಿರಾಕಿಗೆ ಕಾಣುವುದು ಐದರಲ್ಲಿ ಒಂದು ಪಾಲು. ನಿಮ್ಮ ಲಾಭದಲ್ಲಿ ಹೋಗುವುದು ಮೂರರಲ್ಲಿ ಎರಡು ಪಾಲು. 100 ಸೀರೆಯಲ್ಲಿ ಬರುತ್ತಿದ್ದ 60,000 ಬರಬೇಕೆಂದರೆ 300 ಸೀರೆ ಮಾರಬೇಕು. ಶೇ. 10 ಬಿಟ್ಟರೆ 150 ಸಾಕು. ತಮ್ಮ ಹೇಳುವ 30 ಹಾಕಿದರೆ 1,400ಕ್ಕೆ ಕೊಟ್ಟ ಹಾಗಾಯಿತು. ಎಷ್ಟು ಮಾರಿದರೂ ಲಾಭ ಸೊನ್ನೆ. ಪಾಂಪ್ಲೆಟ್, ಹೆಚ್ಚುವರಿ ಹುಡುಗರ ಸಂಬಳ ಕೈಯಿಂದ.

ಈ ಲೆಕ್ಕವನ್ನು ತಮ್ಮನಿಗೆ ತೋರಿಸಿ, ಸಾಕು.

ರೊಕ್ಕ_ತಿರುಗಬೇಕು

ಹುಬ್ಬಳ್ಳಿಯಿಂದ. ಲೆಕ್ಕ ಚೆನ್ನಾಗಿದೆ ಸರ್, ಆದರೆ ಆಷಾಢದಲ್ಲಿ ಪೂರ್ತಿ ಬೆಲೆಗೆ 100 ಸೀರೆ ಎಲ್ಲಿ ಹೋಗುತ್ತದೆ? 30 ಹೋದರೆ ಪುಣ್ಯ. ಹಾಗಾದರೆ ಅವರು ಸರಿದೂಗಿಸಬೇಕಾದದ್ದು 18,000 ಮಾತ್ರ. ಅದಕ್ಕೆ 90 ಸೀರೆ ಸಾಕು. ಅಷ್ಟು ಯಾರಾದರೂ ಮಾರುತ್ತಾರೆ.

ಇನ್ನೊಂದು ಮಾತು. ಲಾಭ ಪುಸ್ತಕದಲ್ಲಿರುತ್ತದೆ, ರೊಕ್ಕ ಗಲ್ಲಾದಲ್ಲಿರುತ್ತದೆ. ಶ್ರಾವಣದ ಹೊಸ ಮಾಲು ತರಿಸಬೇಕು, ಹಳೆ ಬಿಲ್ಲು ಕೇಳಲು ಸೂರತ್‌ನಿಂದ ದಿನಾ ಫೋನು. ಆಷಾಢದ ಸೇಲ್ ಇಲ್ಲದಿದ್ದರೆ ಎಲ್ಲಿಂದ ಕೊಡುವುದು? ಊರಿನ ಜವಳಿ ಸಾಲಿನಲ್ಲಿ ಎಲ್ಲರೂ ಬೋರ್ಡ್ ಹಾಕಿ ನೀವೊಬ್ಬರೇ ಹಾಕದಿದ್ದರೆ ಗಿರಾಕಿ ಒಳಗೇ ಬರುವುದಿಲ್ಲ. ಬಂದವರಿಗೆ ತಾನೇ ನಿಮ್ಮ ಸೇವೆ ತೋರಿಸುವುದು?

ಲೆಕ್ಕದ_ಪುಸ್ತಕ

30 ಸೀರೆಯ ಮಾತು ಒಪ್ಪಿದೆ. ಆದರೆ ಆ 90ರಲ್ಲಿ ಎಷ್ಟು ಸೀರೆ ಶ್ರಾವಣದಲ್ಲಿ 2,000ಕ್ಕೇ ಹೋಗಬೇಕಿತ್ತು? ಅವರೇ ಹೇಳಿದ್ದಾರಲ್ಲ, ಹಬ್ಬದ ವಾರ ಖಾಲಿ ಅಂತ. ಅಂದರೆ ಹಬ್ಬಕ್ಕೆ ಹೇಗೂ ಕೊಳ್ಳುವವರು ಒಂದು ತಿಂಗಳು ಮುಂಚೆ ಬಂದು, 400 ಉಳಿಸಿಕೊಂಡು ಹೋಗಿದ್ದಾರೆ. ಒಂದೊಂದಕ್ಕೂ 400 ನಷ್ಟ ಬರೆದುಕೊಳ್ಳಿ. ಆಷಾಢವನ್ನು ಒಂಟಿಯಾಗಿ ನೋಡಬಾರದು. ಜ್ಯೇಷ್ಠ, ಆಷಾಢ, ಶ್ರಾವಣ ಮೂರನ್ನೂ ಕೂಡಿಸಿ ನೋಡಬೇಕು.

ರೊಕ್ಕದ ವಿಷಯ. ಬ್ಯಾಂಕ್ ಓಡಿ (ಓವರ್‌ಡ್ರಾಫ್ಟ್ ಸಾಲ) ಬಡ್ಡಿ ಶೇ. 12 ಎಂದುಕೊಂಡರೆ 1,400ರ ಸೀರೆ ವರ್ಷವಿಡೀ ಕಪಾಟಿನಲ್ಲಿದ್ದರೆ 168 ರೂಪಾಯಿ ಬಡ್ಡಿ. ನೀವು ಬಿಡುತ್ತಿರುವುದು 400. ಎರಡು ವರ್ಷಕ್ಕೂ ಜಾಸ್ತಿ ಬಡ್ಡಿಯನ್ನು ಒಂದೇ ಸಲ ಕಟ್ಟಿದ ಹಾಗೆ. ಒಂದು ವಿನಾಯಿತಿ ಇದೆ. ತಯಾರಿಸುವ ಸಣ್ಣ ಘಟಕದವರಿಂದ ನೇರವಾಗಿ ಮಾಲು ತಂದಿದ್ದರೆ ಬರೆದ ಕರಾರಿನ ಪ್ರಕಾರ, ಹೆಚ್ಚೆಂದರೆ 45 ದಿನದೊಳಗೆ, ಕರಾರು ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು. ಗಡುವು ದಾಟಿಸಿ ವರ್ಷದ ಲೆಕ್ಕ ಮುಗಿಸಿದರೆ ಆ ಖರ್ಚು ಆ ವರ್ಷದ ಆದಾಯ ತೆರಿಗೆಯಲ್ಲಿ ಕಳೆಯುವುದಿಲ್ಲ, ಕೊಟ್ಟ ವರ್ಷವೇ ಕಳೆಯಬೇಕು. ಅಂಥ ಇಕ್ಕಟ್ಟಿದ್ದರೆ ಆ ಮೊತ್ತಕ್ಕೆ ಬೇಕಾದಷ್ಟು ಮಾಲು ಮಾತ್ರ ಬಿಡಿ. ಇಡೀ ಅಂಗಡಿಗೆ ಯಾಕೆ ಬೋರ್ಡ್?

ಹಳೇ_ಕಪಾಟು

ಸೀರೆ ಅಕ್ಕಿ ಮೂಟೆ ಅಲ್ಲ ಸ್ವಾಮಿ, ಬಡ್ಡಿ ಲೆಕ್ಕ ಮಾತ್ರ ಹಾಕಲು. ರೇಷ್ಮೆ ಸೀರೆ ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ಆ ಗೆರೆಯಲ್ಲೇ ಸೀಳುತ್ತದೆ. ಜರಿ ಕಪ್ಪಾಗುತ್ತದೆ. ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಾಯಿಸಲು ಆಳು ಬೇಕು. ಹೋದ ವರ್ಷದ ಬಣ್ಣ ಈ ವರ್ಷ ಯಾರಿಗೂ ಬೇಡ. ಅಂಥ ಮಾಲಿಗೆ 40 ಬಿಟ್ಟರೂ ತಪ್ಪಿಲ್ಲ. ತಪ್ಪು ಏನೆಂದರೆ ಹೋದ ವಾರ ಬಂದ ಲಾಟನ್ನೂ ಅದೇ ಬೋರ್ಡ್ ಕೆಳಗೆ ಇಡುವುದು.

ನಿವೃತ್ತ_ಖಾದಿ

ಖಾದಿ ಭಂಡಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ನೀವು ಈಗ ನೋಡುತ್ತಿರುವುದನ್ನು ನಾವು ಇಡೀ ದೇಶದಲ್ಲಿ ನೋಡಿದ್ದೇವೆ.

ಗಾಂಧಿ ಜಯಂತಿಗೆ ರಿಬೇಟ್ ಅಂತ ಇತ್ತು. ಸರ್ಕಾರ ಕೊಡುವ ರಿಯಾಯಿತಿ. ಉದ್ದೇಶ ಒಳ್ಳೆಯದೇ, ಖಾದಿ ನಾಲ್ಕು ಜನರ ಮೈಮೇಲೆ ಬರಲಿ ಅಂತ. ಆದದ್ದೇನು? ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಭಂಡಾರಕ್ಕೆ ಜನ ಕಾಲಿಡುತ್ತಿರಲಿಲ್ಲ. ವರ್ಷವಿಡೀ ಖಾದಿ ಉಡುವ ಮೇಷ್ಟ್ರುಗಳು, ಹಳೇ ಸರ್ವೋದಯದವರು, ಒಂದು ಪೈಸೆ ರಿಯಾಯಿತಿ ಇಲ್ಲದೆಯೂ ಕೊಳ್ಳುತ್ತಿದ್ದವರು ಕೂಡ ಅಕ್ಟೋಬರ್ 2 ಆಗಲಿ ಅಂತ ಕಾಯುವುದನ್ನು ಕಲಿತರು. ಆ ದಿನ ಮಾತ್ರ ಜುಬ್ಬಾದ ಬಟ್ಟೆ ಕತ್ತರಿಸಿ ಕತ್ತರಿಸಿ ಕೈ ಬೊಬ್ಬೆ. ಆಮೇಲೆ ಸಂಘಗಳು ಆ ರಿಬೇಟ್ ಹಣಕ್ಕೆ ಅರ್ಜಿ ಹಾಕಿ ಕಾಯಬೇಕು. ಹಣ ಬರುವುದು ತಡವಾದರೆ ನೂಲುವವರ ಕೂಲಿ ತಡ.

2010ರ ಏಪ್ರಿಲ್ 1ರಿಂದ ಕೇಂದ್ರ ಸರ್ಕಾರ ಆ ಪದ್ಧತಿ ಬದಲಾಯಿಸಿತು. ಮಾರಾಟಕ್ಕೆ ರಿಬೇಟ್ ಕೊಡುವ ಬದಲು ಉತ್ಪಾದನೆಯ ಬೆಲೆಯ ಮೇಲೆ ಶೇ. 20 ನೆರವು. ಅದರಲ್ಲಿ ಶೇ. 25 ನೂಲುವವರಿಗೆ ಮತ್ತು ನೇಯುವವರಿಗೆ, 30 ಉತ್ಪಾದಿಸುವ ಸಂಸ್ಥೆಗೆ, 45 ಮಾರುವ ಸಂಸ್ಥೆಗೆ. ಮಾರುವವರು ತಮ್ಮ ಪಾಲಿನಲ್ಲಿ ಬೇಕಿದ್ದರೆ ರಿಯಾಯಿತಿ ಕೊಡಬಹುದಿತ್ತು, ಇಲ್ಲವೇ ಅಂಗಡಿಗೆ ಒಳ್ಳೆ ದೀಪ ಹಾಕಿಸಬಹುದಿತ್ತು, ಹೊಸ ವಿನ್ಯಾಸ ಮಾಡಿಸಬಹುದಿತ್ತು. ಹಣ ಅದೇ, ಹೋಗುವ ದಾರಿ ಬೇರೆ. ನನ್ನ ಪ್ರಕಾರ ಅದು ಸರಿಯಾದ ದಾರಿ.

ಆದರೂ ಜನ ಮರೆತರಾ? ಈಗಲೂ ಅಕ್ಟೋಬರ್‌ನಲ್ಲಿ ರಿಯಾಯಿತಿ ಕೊಡುತ್ತಲೇ ಇದ್ದಾರೆ, ಜನ ಕೇಳುತ್ತಲೇ ಇದ್ದಾರೆ. ಗಿರಾಕಿಗೆ ಒಂದು ತಾರೀಖು ಕಲಿಸಿದರೆ ಮರೆಸುವುದು ಬಹಳ ಕಷ್ಟ.

ಸ್ಟಾರ್ಟಪ್_ಹುಡುಗ

ಎಲ್ಲರೂ ರಿಯಾಯಿತಿ ಕೆಟ್ಟದ್ದು ಅಂತಿದ್ದೀರಲ್ಲ. ಜಿಯೋ ನೋಡಿ. 2016ರ ಸೆಪ್ಟೆಂಬರ್ 5ರಿಂದ ಮುಂದಿನ ಮಾರ್ಚ್ 31ರವರೆಗೆ ಪೂರ್ತಿ ಉಚಿತ. 170 ದಿನದಲ್ಲಿ 10 ಕೋಟಿ ಗಿರಾಕಿಗಳು. ಆಮೇಲೆ ದುಡ್ಡು ತಗೊಂಡರು. ಯಾರೂ ಓಡಿ ಹೋಗಲಿಲ್ಲ.

ಲೆಕ್ಕದ_ಪುಸ್ತಕ

ಟವರ್ ಒಮ್ಮೆ ನಿಲ್ಲಿಸಿದ ಮೇಲೆ ಇನ್ನೊಬ್ಬ ಗಿರಾಕಿ ಸೇರಿದರೆ ಅವರಿಗೆ ಬೀಳುವ ಖರ್ಚು ತೀರಾ ಕಡಿಮೆ. ಇವರಿಗೆ ಪ್ರತಿ ಸೀರೆಗೂ 1,400 ಬೀಳುತ್ತದೆ. ಸಿಮ್‌ಗೆ ತಿಂಗಳು ತಿಂಗಳು ರೀಚಾರ್ಜ್ ಇದೆ. ಸೀರೆಗೆ ರೀಚಾರ್ಜ್ ಎಲ್ಲಿದೆ ತಮ್ಮಾ?

ದರ್ಶಿನಿ_ಮಾಲೀಕ

ಬೆಂಗಳೂರಿನಲ್ಲಿ ಸಣ್ಣ ದರ್ಶಿನಿ ನಡೆಸುತ್ತೇನೆ. ಒಂದು ಡೆಲಿವರಿ ಆ್ಯಪ್‌ನವರು ಬಂದು "ಸರ್, ಅರ್ಧ ಬೆಲೆ ಆಫರ್ ಹಾಕಿ, ಆರ್ಡರ್ ನೋಡಿ" ಅಂದರು. ಆರ್ಡರ್ ಬಂತು, ಸುಳ್ಳಲ್ಲ. ಮಧ್ಯಾಹ್ನ ಕೌಂಟರ್‌ನಲ್ಲಿ ನಿಂತು ತಿನ್ನುವ ದಿನದ ಗಿರಾಕಿಗಳಿಗೆ ಇಡ್ಲಿ ತಡವಾಯಿತು. ಯಾಕೆಂದರೆ ಒಳಗೆ ಡಬ್ಬಿ ಕಟ್ಟುತ್ತಿದ್ದೆವು. ಆಫರ್ ತೆಗೆದ ವಾರ ಆ ಆರ್ಡರ್‌ಗಳು ಪಕ್ಕದ ಬೀದಿಯ ಹೋಟೆಲ್‌ಗೆ ಹೋದವು. ಅಲ್ಲಿ ಆಗ ಆಫರ್ ಇತ್ತು.

ನನಗೆ ಜಾಸ್ತಿ ಚುಚ್ಚಿದ್ದು ಬೇರೆ. ತಿಂದವರು ಯಾರು ಅಂತ ನನಗೆ ಗೊತ್ತಿಲ್ಲ. ಹೆಸರು, ನಂಬರ್ ಎಲ್ಲ ಆ್ಯಪ್ ಹತ್ತಿರ. ರಿಯಾಯಿತಿಯ ದುಡ್ಡು ನನ್ನದು, ಗಿರಾಕಿ ಅವರವನು. 2019ರ ಆಗಸ್ಟ್‌ನಲ್ಲಿ ರೆಸ್ಟೋರೆಂಟ್ ಮಾಲೀಕರು ಲಾಗ್‌ಔಟ್ ಅಂತ ಚಳವಳಿ ಮಾಡಿ ಜೊಮ್ಯಾಟೊ ಗೋಲ್ಡ್‌ನಂಥ ರಿಯಾಯಿತಿ ಯೋಜನೆಗಳಿಂದ ಹೊರಗೆ ಬಂದದ್ದು ನೆನಪಿದೆಯಲ್ಲ. ಅದೂ ಇದೇ ಬೇಗೆಯಲ್ಲಿ. ನಿಮ್ಮ ಅಂಗಡಿಗೆ ಬರುವವರ ಮುಖ ನಿಮಗೆ ಗೊತ್ತಿದೆ ಅಣ್ಣಾ. ಅದು ದೊಡ್ಡ ಆಸ್ತಿ.

ಡಲ್ಲಾಸ್_ಕನ್ನಡಿಗ

ಅಪ್ಪನವರು "ಪೂರ್ತಿ ನಿಲ್ಲಿಸು" ಅಂದದ್ದಕ್ಕೆ ಒಂದು ಎಚ್ಚರಿಕೆ. ನಮ್ಮ ಪಕ್ಕದ ಪ್ಲೇನೊ ಊರಿನದೇ ಕಥೆ, ಜೆಸಿಪೆನ್ನಿ. ನೂರು ವರ್ಷ ದಾಟಿದ ಬಟ್ಟೆ ಅಂಗಡಿ ಕಂಪನಿ, ಸುಮಾರು 1,100 ಮಳಿಗೆ. ವರ್ಷಕ್ಕೆ 500ಕ್ಕೂ ಹೆಚ್ಚು ಆಫರ್, ಮನೆಗೆ ಕೂಪನ್ ಮೇಲೆ ಕೂಪನ್. ಆಪಲ್ ಮಳಿಗೆಗಳನ್ನು ಕಟ್ಟಿ ಹೆಸರು ಮಾಡಿದ್ದ ರಾನ್ ಜಾನ್ಸನ್ ಮುಖ್ಯಸ್ಥರಾಗಿ ಬಂದರು. 2012ರ ಫೆಬ್ರುವರಿಯಲ್ಲಿ ಕೂಪನ್ ನಿಲ್ಲಿಸಿ, ದಿನಾ ಒಂದೇ ನ್ಯಾಯವಾದ ಬೆಲೆ ಅಂದರು. ಕೇಳಲು ಎಷ್ಟು ಚೆಂದ, ಅಲ್ವಾ?

ಒಂದೇ ವರ್ಷದಲ್ಲಿ ಮಾರಾಟ ಸುಮಾರು 1,726 ಕೋಟಿ ಡಾಲರ್‌ನಿಂದ 1,298 ಕೋಟಿಗೆ ಇಳಿಯಿತು. ನಷ್ಟ 98.5 ಕೋಟಿ ಡಾಲರ್. 2013ರ ಏಪ್ರಿಲ್‌ನಲ್ಲಿ ಅವರನ್ನು ಕಳಿಸಿದರು. ಇಲ್ಲಿ ಹಳೇ ಗಿರಾಕಿಗಳಿಗೆ ಕೂಪನ್ ಕತ್ತರಿಸಿಕೊಂಡು ಹೋಗುವುದೇ ಒಂದು ಖುಷಿ. ಬೆಲೆ ನಿಜವಾಗಿ ಇಳಿದಿದ್ದರೂ ಅವರಿಗೆ ಏನೋ ಕಿತ್ತುಕೊಂಡ ಹಾಗಾಯಿತು. ಎಲ್ಲ ಮಳಿಗೆಯಲ್ಲೂ ಒಂದೇ ಏಟಿಗೆ ಮಾಡಿದ್ದರಿಂದ ಹಿಂದೆ ಸರಿಯಲು ದಾರಿಯೂ ಉಳಿಯಲಿಲ್ಲ. ಬಿಡುವುದಾದರೆ ಮೆಲ್ಲಗೆ ಬಿಡಿ.

ಜವಳಿ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಒಂದು ಸಂದೇಹ. ಆಫರ್‌ಗೆ ಬಂದವರಲ್ಲಿ ನಮ್ಮವರಾಗಿ ಉಳಿಯುವವರೂ ಇರುತ್ತಾರಲ್ಲ. ಅದನ್ನು ಅಳೆಯುವುದು ಹೇಗೆ? ನಮ್ಮಲ್ಲಿ ಕಂಪ್ಯೂಟರ್ ಬಿಲ್ ಇದೆ, ಫೋನ್ ನಂಬರ್ ಹಾಕಿಸುತ್ತೇವೆ. ಅದರಿಂದ ಏನೂ ತೆಗೆದಿಲ್ಲ.

ಮಾರ್ಕೆಟಿಂಗ್_ಮೇಡಂ

ನಂಬರ್ ಇದೆಯೆಂದರೆ ಮುಕ್ಕಾಲು ಕೆಲಸ ಮುಗಿದಿದೆ ಸರ್. ಕಳೆದ ಆಷಾಢದಲ್ಲಿ ಮೊದಲ ಸಲ ಬಂದ ನಂಬರ್‌ಗಳನ್ನು ಬೇರೆ ತೆಗೆಯಿರಿ. ಅವುಗಳಲ್ಲಿ ಎಷ್ಟು ದಸರಾ, ದೀಪಾವಳಿ, ಯುಗಾದಿ ಬಿಲ್ಲಿನಲ್ಲಿ ಪೂರ್ತಿ ಬೆಲೆಗೆ ಕಾಣಿಸುತ್ತವೆ ನೋಡಿ. ಹಾಗೆಯೇ ಯುಗಾದಿಗೆ ಮೊದಲ ಸಲ ಬಂದ ನಂಬರ್‌ಗಳನ್ನೂ ನೋಡಿ. ಎರಡನ್ನೂ ಪಕ್ಕ ಪಕ್ಕ ಇಡಿ.

ಆಮೇಲೆ ಈ ಲೆಕ್ಕ. ಒಂದು ಮನೆಯಿಂದ ವರ್ಷಕ್ಕೆ 900 ಲಾಭ ಎಂದಿಟ್ಟುಕೊಳ್ಳಿ. ಪ್ರತಿ ವರ್ಷ 10ರಲ್ಲಿ 8 ಮನೆ ಉಳಿದರೆ ಒಂದು ಮನೆ ಸರಾಸರಿ 5 ವರ್ಷ ನಿಮ್ಮದು, ಒಟ್ಟು 4,500. ಐದೇ ಮನೆ ಉಳಿದರೆ ಸರಾಸರಿ 2 ವರ್ಷ, 1,800. ಈಗ ಆಫರ್ ಗಿರಾಕಿಯನ್ನು ನೋಡಿ. ಅವರೂ 10ರಲ್ಲಿ 8 ಜನ ತಪ್ಪದೆ ವರ್ಷ ವರ್ಷ ಬರುತ್ತಾರೆ ಎನ್ನೋಣ. ಆದರೆ ಆಷಾಢದಲ್ಲಿ ಮಾತ್ರ, ಒಂದೇ ಸೀರೆಗೆ. 200 ಸಲ 5, ಬರೀ 1,000. ವಾಪಸ್ ಬಂದರು ಅಂತ ಖುಷಿಪಟ್ಟರೆ ಸಾಲದು. ಯಾವ ಬೆಲೆಗೆ ವಾಪಸ್ ಬಂದರು ಅನ್ನುವುದು ಮುಖ್ಯ.

ಇನ್ನು ನಮ್ಮ ಕಡೆ ಸೀರೆ ಗಿರಾಕಿ ಎಂದರೆ ಒಬ್ಬ ವ್ಯಕ್ತಿ ಅಲ್ಲ, ಒಂದು ಮನೆತನ. ಮದುವೆಗೆ ಜವಳಿ ತೆಗೆದವರು ಸೀಮಂತಕ್ಕೆ ಬರುತ್ತಾರೆ, ತೊಟ್ಟಿಲಿಗೆ ಬರುತ್ತಾರೆ, ಗೌರಿ ಬಾಗಿನಕ್ಕೆ ಬರುತ್ತಾರೆ. ಬೀಗರನ್ನೂ ಕರೆತರುತ್ತಾರೆ. ಆ ಜವಳಿ ಬಿಲ್ ಆಷಾಢದಲ್ಲಿ ಆಗುವುದಿಲ್ಲ. ಆದರೆ ಎಲ್ಲಿ ತೆಗೆಯಬೇಕು ಅನ್ನುವುದು ಹಿಂದಿನ ಸಲ ನೀವು ಹೇಗೆ ನಡೆಸಿಕೊಂಡಿರಿ ಅನ್ನುವುದರ ಮೇಲೆ ನಿಂತಿರುತ್ತದೆ.

ಒಂದು ಪರೀಕ್ಷೆ ಮಾಡಿ. ವಾಟ್ಸಾಪ್ ಪಟ್ಟಿಯಲ್ಲಿ ಪ್ರತಿ ಐದನೇ ನಂಬರ್‌ಗೆ ಆಫರ್ ಮೆಸೇಜ್ ಕಳಿಸಬೇಡಿ. ಅವರು ಬಂದು ಕೇಳಿದರೆ ಕೊಡಿ, ಪರವಾಗಿಲ್ಲ. ದೀಪಾವಳಿ ಮುಗಿದ ಮೇಲೆ ಎರಡೂ ಗುಂಪಿನಿಂದ ಒಂದು ನಂಬರ್‌ಗೆ ಸರಾಸರಿ ಎಷ್ಟು ಲಾಭ ಬಂತು ನೋಡಿ. ಮಾರಾಟ ಅಲ್ಲ, ಲಾಭ. ಮೆಸೇಜ್ ಹೋಗದವರಿಂದ ಅಷ್ಟೇ ಬಂದಿದ್ದರೆ ಬೋರ್ಡ್ ಯಾರಿಗಾಗಿ ಹಾಕಿದ್ದು?

ಮಗ್ಗದ_ಮನೆ

ಇಳಕಲ್ಲಿನಿಂದ ಬರೆಯುತ್ತಿದ್ದೇನೆ. ಅಂಗಡಿಯವರ ಲಾಭ ಎಷ್ಟು ಹೋಯಿತು ಅಂತ ಎಲ್ಲರೂ ಲೆಕ್ಕ ಹಾಕಿದಿರಿ. ಆ 400 ಯಾವಾಗಲೂ ಅಂಗಡಿಯವರದ್ದೇ ಅಲ್ಲ. ಆಷಾಢಕ್ಕೆ ಮುಂಚೆ ಫೋನ್ ಬರುತ್ತದೆ, "ಈ ಲಾಟಿಗೆ 100 ಕಡಿಮೆ ಮಾಡಿ, ಆಫರ್ ಇದೆ" ಅಂತ. ಸೆರಗನ್ನೂ ಒಡಲನ್ನೂ ಕೊಂಡಿ ಹಾಕಿ ಎಳೆ ಎಳೆ ಜೋಡಿಸುವ ಕೆಲಸ ಆಷಾಢದಲ್ಲಿ ಕಡಿಮೆ ಹೊತ್ತು ಹಿಡಿಯುವುದಿಲ್ಲ. 100 ಕಡಿಮೆ ಮಾಡಬೇಕೆಂದರೆ ನೂಲಿನಲ್ಲಿ ಕಡಿಮೆ ಮಾಡಬೇಕು, ಇಲ್ಲ ಪವರ್‌ಲೂಮ್ ಮಾಲು ಕಳಿಸಬೇಕು. ಎರಡು ಒಗೆತದಲ್ಲಿ ಬಣ್ಣ ಹೋದ ಮೇಲೆ ಗಿರಾಕಿ ಬೈಯುವುದು ಇಳಕಲ್ ಸೀರೆಯನ್ನ.

ಸೀರೆ_ಹುಚ್ಚಿ

ನಾನು ಕೊಳ್ಳುವವಳು. ಹೌದು, ಆಷಾಢಕ್ಕೆ ಕಾಯುತ್ತೇನೆ, ನಾಚಿಕೆ ಇಲ್ಲ. ನೀವೇ ಕಲಿಸಿದ್ದು!

ಆದರೆ ಎರಡು ವಿಷಯಕ್ಕೆ ಅಂಗಡಿ ಬಿಡುತ್ತೇನೆ. ಒಂದು, ಹೋದ ತಿಂಗಳು 2,000 ಕೊಟ್ಟು ತಂದ ಸೀರೆಯನ್ನೇ ಈ ತಿಂಗಳು ಪಕ್ಕದ ಮನೆಯವರು 1,600ಕ್ಕೆ ತಂದು ತೋರಿಸಿದಾಗ. ನಂಬಿ ಮೊದಲೇ ಕೊಂಡಿದ್ದಕ್ಕೆ ದಂಡ ಹಾಕಿದ ಹಾಗಿರುತ್ತದೆ. ಎರಡು, ಚೀಟಿ ಮೇಲೆ ಚೀಟಿ. ಒಂದು ಕಡೆ ಉಗುರಿನಲ್ಲಿ ಕೆರೆದು ನೋಡಿದೆ, ಮೇಲೆ 2,500, ಕೆಳಗಿನ ಚೀಟಿಯಲ್ಲಿ 2,000. ಆ ಅಂಗಡಿಯ ಯಾವ ಬೆಲೆಯನ್ನೂ ಆಮೇಲೆ ನಂಬಲಿಲ್ಲ.

ಅದೇ ಮಗಳ ಮದುವೆಯ ಜವಳಿ ತೆಗೆದದ್ದು ರಿಯಾಯಿತಿಯೇ ಇಲ್ಲದ ಕಡೆ. ಯಾಕೆಂದರೆ ಹಿಂದೊಮ್ಮೆ ಬಾರ್ಡರ್‌ನಲ್ಲಿ ಎಳೆ ಬಿಟ್ಟಿತ್ತು ಅಂತ ತಂದಾಗ ಬಿಲ್ಲು ಕೂಡ ಕೇಳದೆ ಬದಲಾಯಿಸಿ ಕೊಟ್ಟಿದ್ದರು.

ಜವಳಿ_ದಾವಣಗೆರೆ

ಅಕ್ಕಾ, ಆ ಮೊದಲನೇ ಮಾತು ಮನೆಯಲ್ಲಿ ಅಮ್ಮನೂ ಹೇಳಿದ್ದರು.

ಅಪ್ಪ, ತಮ್ಮ ಇಬ್ಬರನ್ನೂ ಕೂರಿಸಿಕೊಂಡು ಇಷ್ಟು ಮಾಡಿದ್ದೇವೆ. ಹಳೇ ಲಾಟು ಮಾತ್ರ ಬಾಗಿಲ ಹತ್ತಿರ ಒಂದು ಟೇಬಲ್ ಮೇಲೆ. ಅದಕ್ಕೆ 30, ಬೇಕಿದ್ದರೆ 40. ಅದರಲ್ಲಿ ಲಾಭ ಬೇಡ, ಜಾಗ ಖಾಲಿಯಾದರೆ ಸಾಕು. ಹೊಸ ಮಾಲಿಗೆ ಬೆಲೆ ಇಳಿಸುವುದಿಲ್ಲ, ಬದಲಿಗೆ ಫಾಲ್ ಹೊಲಿದು ಸಾದಾ ಕುಚ್ಚು ಕಟ್ಟಿಸಿ ಕೊಡುತ್ತೇವೆ. ನನಗೆ ಎರಡೂ ಸೇರಿ 180 ಬೀಳುತ್ತದೆ. ಗಿರಾಕಿ ಹೊರಗೆ ಮಾಡಿಸಿದರೆ 300 ದಾಟುತ್ತದೆ, ಅಲೆದಾಟ ಬೇರೆ. 600ರಲ್ಲಿ 420 ಉಳಿಯುತ್ತದೆ. ಕುಚ್ಚು ತಗೊಂಡು ಹೋಗಲು ಇನ್ನೊಮ್ಮೆ ಅಂಗಡಿಗೆ ಬರಬೇಕು, ಅದು ತಮ್ಮನ ತಲೆಗೆ ಹೊಳೆದದ್ದು. ಜ್ಯೇಷ್ಠದಲ್ಲಿ ಕೊಂಡ ನಂಬರ್‌ಗಳಿಗೂ ಫೋನ್ ಮಾಡಿ "ಸೀರೆ ತನ್ನಿ, ಕುಚ್ಚು ಕಟ್ಟಿಸಿ ಕೊಡುತ್ತೇವೆ" ಅಂತ ಹೇಳಲಿದ್ದೇವೆ. ಐದನೇ ನಂಬರ್ ಬಿಡುವ ಪರೀಕ್ಷೆಯೂ ಉಂಟು.

ರೊಕ್ಕ_ತಿರುಗಬೇಕು

ಎದುರಿನವನು ಇಡೀ ಅಂಗಡಿಗೆ 50 ಅಂತ ಹಾಕಿದರೆ?

ಜವಳಿ_ದಾವಣಗೆರೆ

ಹಾಕಲಿ ಸರ್. ಆಷಾಢದ ಜನ ಅರ್ಧ ಆ ಕಡೆ ಹೋಗುತ್ತಾರೆ, ಗೊತ್ತಿದೆ. ನಾನು ಈ ಸಲ ನೋಡುವುದು ವರಮಹಾಲಕ್ಷ್ಮಿ ವಾರದ ಬಿಲ್ಲು. ಅದೂ ಖಾಲಿ ಹೊಡೆದರೆ ಮುಂದಿನ ವರ್ಷ ನಿಮ್ಮ ಮಾತು ಕೇಳುತ್ತೇನೆ.

ಲೆಕ್ಕದ_ಪುಸ್ತಕ

ಹೊರಡುವ ಮುಂಚೆ ಒಂದು ಮಾತು. ರಿಯಾಯಿತಿಯನ್ನು ಬಿಲ್ಲಿನಲ್ಲೇ ತೋರಿಸಿ, ಆಗ ಕಳೆದು ಉಳಿದ ಮೊತ್ತಕ್ಕೆ ಮಾತ್ರ ಜಿಎಸ್‌ಟಿ. ಸೀರೆಗೆ ಬೆಲೆ ಎಷ್ಟಿದ್ದರೂ ಶೇ. 5. ಆದರೆ ರೆಡಿಮೇಡ್ ಕೂಡ ಇಟ್ಟಿದ್ದರೆ ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ ಒಂದು ಪೀಸ್ 2,500ರವರೆಗೆ ಶೇ. 5, ದಾಟಿದರೆ 18. ತೆರಿಗೆಗೆ ಮುಂಚೆ 2,700 ಇರುವ ಡ್ರೆಸ್ ತೆರಿಗೆ ಸೇರಿ 3,186 ಆಗುತ್ತದೆ. ಶೇ. 10 ಬಿಟ್ಟರೆ 2,430, ತೆರಿಗೆ ಸೇರಿ 2,551.50. ನೀವು ಬಿಟ್ಟದ್ದು 270, ಗಿರಾಕಿಗೆ ಉಳಿದದ್ದು 634.50. ರಿಯಾಯಿತಿ ಕೊಡಲೇಬೇಕು ಅನ್ನಿಸಿದರೆ ಇಂಥ ಕಡೆ ಕೊಡಿ.

ಜವಳಿ_ದಾವಣಗೆರೆ

ಇದು ಗೊತ್ತೇ ಇರಲಿಲ್ಲ ಸರ್. ಚೂಡಿದಾರ್ ಸೆಕ್ಷನ್‌ನಲ್ಲಿ 2,600ರಿಂದ 2,800ರ ಮಾಲು ಎಷ್ಟಿದೆ ಅಂತ ಈಗಲೇ ಎಣಿಸಲು ಹೇಳುತ್ತೇನೆ. ಪಾಂಪ್ಲೆಟ್ ಇನ್ನೂ ಪ್ರಿಂಟಿಗೆ ಹೋಗಿಲ್ಲ.